ಅಂಚೆ ಕೌಂಟರಿನ ಖರ್ಚನ್ನು ಅಳೆಯುವ ಕ್ರಮ: ಗಣಕದ ದಾಖಲೆಯೇ ಸಾಕೇ?

ಪ್ರಶ್ನೆ: ಕೃಷ್ಣಾತೀರ, ರಾಯಚೂರು

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನಲ್ಲಿ ಎಂ.ಕಾಂ. ಓದುತ್ತಿರುವ ವಿದ್ಯಾರ್ಥಿನಿ. ಅಂಚೆ ಕಚೇರಿಯ ಕೌಂಟರಿನಲ್ಲಿ ದೊರೆಯುವ ಒಂದೊಂದು ಸೇವೆಗೆ ಎಷ್ಟು ಖರ್ಚು ತಗಲುತ್ತದೆ ಎಂಬುದನ್ನು ಅಳೆಯುವ ಕ್ರಮವೇ ನನ್ನ ಕಿರುಸಂಶೋಧನೆಯ ವಿಷಯ. ಅಮೆರಿಕದ ಅಂಚೆ ಸೇವೆ ಈ ಲೆಕ್ಕವನ್ನು ಬಹಿರಂಗವಾಗಿ, ವಿವರವಾಗಿ ಮಂಡಿಸಬೇಕಾಗಿರುವುದರಿಂದ ಮೊದಲು ಅದನ್ನೇ ಓದಿಕೊಳ್ಳಿ ಎಂದು ನಮ್ಮ ಮಾರ್ಗದರ್ಶಕರು ಹೇಳಿದರು.

ಓದಿದಾಗ ನನಗೆ ತಿಳಿದದ್ದು ಇಷ್ಟು. ಗುಮಾಸ್ತರ ಸಂಬಳದಲ್ಲಿ ಕೌಂಟರಿಗೆ ಸೇರಿದ ಭಾಗ ಯಾವುದು, ಒಳಗಿನ ವಿಂಗಡಣೆಗೆ ಸೇರಿದ್ದು ಯಾವುದು ಎಂಬುದನ್ನು ಅಲ್ಲಿ ಐ.ಒ.ಸಿ.ಎಸ್. (ಇನ್-ಆಫೀಸ್ ಕಾಸ್ಟ್ ಸಿಸ್ಟಮ್) ಎಂಬ ಮಾದರಿ ಸಮೀಕ್ಷೆಯಿಂದ ಗೊತ್ತುಪಡಿಸುತ್ತಾರೆ. ಆಮೇಲೆ, ಕೌಂಟರಿನ ಭಾಗದಲ್ಲಿ ವ್ಯವಹಾರ ಹೆಚ್ಚಿದಂತೆ ಹೆಚ್ಚುವ ಪಾಲು ಎಷ್ಟು ಎಂಬುದನ್ನು ಬೇರೊಂದು ಸಮಯ ಅಧ್ಯಯನದಿಂದ ಕಂಡುಕೊಳ್ಳುತ್ತಾರೆ. ಕೌಂಟರಿನ ಕೆಲಸದ ಸ್ವರೂಪ ಬದಲಾದಾಗ ಈ ಎರಡನೆಯ ಅಧ್ಯಯನವನ್ನು ಹೊಸದು ಮಾಡಬೇಕಾಗುತ್ತದೆ. ಅದಕ್ಕೆ ಕೌಂಟರಿನ ಗಣಕಗಳಲ್ಲಿ ತಾನಾಗಿ ದಾಖಲಾಗುವ ವೇಳೆಯನ್ನು ಬಳಸಬಹುದು ಎನ್ನುವಲ್ಲಿ ನನ್ನ ಗೊಂದಲ ಶುರುವಾಗುತ್ತದೆ.

ಪ್ರತಿ ವ್ಯವಹಾರದ ಆರಂಭ ಮತ್ತು ಅಂತ್ಯವನ್ನು ಗಣಕವೇ ಬರೆದಿಡುವುದಾದರೆ, ಕೈಯಲ್ಲಿ ಗಡಿಯಾರ ಹಿಡಿದು ಕೌಂಟರಿನ ಪಕ್ಕದಲ್ಲಿ ನಿಂತು ಅಳೆಯುವ ಅಗತ್ಯ ಇನ್ನೇನಿದೆ? ಇನ್ನೊಂದು ಸಂದೇಹ: ಕೌಂಟರಿನ ಸಂಬಳವನ್ನೆಲ್ಲ ಸೇವೆಗಳ ಮೇಲೆ ಹಂಚದೆ ಒಂದು ಪಾಲನ್ನು ಮಾತ್ರ ಹಂಚುವುದು ಏಕೆ? ನಾವು ತರಗತಿಯಲ್ಲಿ ಕಲಿತ ವೆಚ್ಚ ಲೆಕ್ಕಶಾಸ್ತ್ರದಲ್ಲಿ ಪರೋಕ್ಷ ವೆಚ್ಚವನ್ನು ಯಾವುದಾದರೂ ಒಂದು ಆಧಾರದ ಮೇಲೆ ಪೂರ್ತಿಯಾಗಿ ಹಂಚಿಯೇ ಮುಗಿಸುತ್ತೇವೆ. ಕೊನೆಯದಾಗಿ, ಒಬ್ಬರೇ ಅಂಚೆ ಸಹಾಯಕರು ಸ್ಪೀಡ್ ಪೋಸ್ಟ್, ಉಳಿತಾಯ ಖಾತೆ, ಆರ್.ಡಿ., ಆಧಾರ್ ತಿದ್ದುಪಡಿ ಎಲ್ಲವನ್ನೂ ನೋಡಿಕೊಳ್ಳುವ ನಮ್ಮ ಜಿಲ್ಲೆಯ ಉಪ ಅಂಚೆ ಕಚೇರಿಗಳಿಗೆ ಈ ಕ್ರಮ ಹೊಂದುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಲೆಕ್ಕದ ಮನೆ, ಬಳ್ಳಾರಿ

ನಾನು ವೃತ್ತಿಯಿಂದ ವೆಚ್ಚ ಲೆಕ್ಕಿಗ. ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದೆರಡಕ್ಕೂ ಅದೇ ಬುಡ.

ಅಮೆರಿಕದಲ್ಲಿ ಈ ಅಂಕಿ ಕೇವಲ ಆಡಳಿತದ ಅನುಕೂಲಕ್ಕೆ ಇರುವುದಲ್ಲ. ಅದು ಕಾನೂನಿನ ವಿಷಯ. 2006ರ ಡಿಸೆಂಬರಿನಲ್ಲಿ ಜಾರಿಯಾದ ಕಾಯ್ದೆಯು ಅಂಚೆ ಸೇವೆಗಳನ್ನು ಎರಡು ಬಗೆಯಾಗಿ ವಿಂಗಡಿಸಿತು. ಸಾಮಾನ್ಯ ಪತ್ರದಂತಹ, ಅಂಚೆ ಸೇವೆಯೇ ಪ್ರಾಬಲ್ಯ ಹೊಂದಿರುವ ಸೇವೆಗಳು ಒಂದು ಬಗೆ. ಖಾಸಗಿ ಸಂಸ್ಥೆಗಳೊಂದಿಗೆ ಪೈಪೋಟಿ ಇರುವ ಪಾರ್ಸೆಲಿನಂತಹ ಸೇವೆಗಳು ಇನ್ನೊಂದು. ಎರಡನೆಯ ಬಗೆಯ ಪ್ರತಿಯೊಂದು ಸೇವೆಯೂ ತನ್ನಿಂದಾಗಿ ಉಂಟಾದ ವೆಚ್ಚವನ್ನು ತಾನೇ ಗಳಿಸಿಕೊಳ್ಳಬೇಕು. ಪತ್ರ ಬರೆಯುವವರ ಹಣದಲ್ಲಿ ಪಾರ್ಸೆಲ್ ಕಳುಹಿಸುವವರಿಗೆ ರಿಯಾಯಿತಿ ಕೊಡುವಂತಿಲ್ಲ. ಹಣಕಾಸು ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿದ ಮೇಲೆ 90 ದಿನಗಳೊಳಗೆ ಅಂಚೆ ಸೇವೆಯು ಈ ಲೆಕ್ಕವನ್ನು ಅಂಚೆ ನಿಯಂತ್ರಣ ಆಯೋಗಕ್ಕೆ ಒಪ್ಪಿಸುತ್ತದೆ, ಆಯೋಗವು ಮುಂದಿನ 90 ದಿನಗಳಲ್ಲಿ ತೀರ್ಮಾನ ಕೊಡುತ್ತದೆ. ಲೆಕ್ಕ ಹಾಕುವ ವಿಧಾನವನ್ನು ಬದಲಾಯಿಸಬೇಕಿದ್ದರೂ ಆಯೋಗದ ಮುಂದೆ ಪ್ರಸ್ತಾವ ಇಟ್ಟು, ಸಾರ್ವಜನಿಕರ ಮತ್ತು ಪ್ರತಿಸ್ಪರ್ಧಿಗಳ ಆಕ್ಷೇಪಗಳನ್ನು ಎದುರಿಸಬೇಕು. ಯುಪಿಎಸ್ ಎಂಬ ಖಾಸಗಿ ಪಾರ್ಸೆಲ್ ಸಂಸ್ಥೆಯ ಅರ್ಜಿಯ ಮೇಲೆ ಆಯೋಗವು 2016ರಲ್ಲಿ ಹೊರಡಿಸಿದ ಆದೇಶ, ಒಂದು ಸೇವೆಯ ತಲೆಗೆ ಯಾವ ಯಾವ ವೆಚ್ಚವನ್ನು ಕಟ್ಟಬಹುದು ಎಂಬ ವ್ಯಾಖ್ಯೆಯನ್ನೇ ಹಿಗ್ಗಿಸಿತು.

ಹೀಗಿರುವಾಗ ಪೂರ್ತಿ ಹಂಚಿಕೆ ಅಲ್ಲಿ ನಡೆಯುವುದಿಲ್ಲ. ತೂಕದ ಮೇಲೆ ಹಂಚಿದರೆ ಒಂದು ಫಲಿತಾಂಶ, ಆದಾಯದ ಮೇಲೆ ಹಂಚಿದರೆ ಇನ್ನೊಂದು. ಯಾವುದಕ್ಕೂ ಕಾರಣ–ಪರಿಣಾಮದ ಸಂಬಂಧವಿಲ್ಲ. ಆದ್ದರಿಂದ ಕಾರಣ ತೋರಿಸಲು ಸಾಧ್ಯವಿರುವಷ್ಟನ್ನು ಮಾತ್ರ ಸೇವೆಗೆ ಹಚ್ಚಿ, ಉಳಿದದ್ದನ್ನು ಸಾಂಸ್ಥಿಕ ವೆಚ್ಚ ಎಂದು ಪ್ರತ್ಯೇಕವಾಗಿ ಇಡುತ್ತಾರೆ. ತರಗತಿಯ ಲೆಕ್ಕದಲ್ಲಿ ಎಲ್ಲವನ್ನೂ ಹಂಚಿ ಮುಗಿಸುವುದು ಸರಕಿನ ಬೆಲೆ ಗೊತ್ತುಮಾಡಲು ಮತ್ತು ದಾಸ್ತಾನಿನ ಮೌಲ್ಯ ತೋರಿಸಲು. ಇಲ್ಲಿ ಕೇಳುತ್ತಿರುವ ಪ್ರಶ್ನೆಯೇ ಬೇರೆ.

ಈಗ ಕೌಂಟರಿಗೆ ಬರೋಣ. ಒಂದು ಊಹೆಯ ಲೆಕ್ಕ ತೆಗೆದುಕೊಳ್ಳಿ. ಒಂದು ಲಕೋಟೆ ತಂದ ಗ್ರಾಹಕನಿಗೆ 3 ನಿಮಿಷ, ಎರಡು ತಂದವನಿಗೆ ನಾಲ್ಕೂವರೆ, ಮೂರು ತಂದವನಿಗೆ 6 ನಿಮಿಷ ಹಿಡಿಯುತ್ತದೆ ಎನ್ನೋಣ. ಹಾಗಾದರೆ ಪ್ರತಿ ಲಕೋಟೆಗೆ ಒಂದೂವರೆ ನಿಮಿಷ, ಮತ್ತು ಲಕೋಟೆ ಎಷ್ಟೇ ಇರಲಿ, ಮಾತು, ಹಣ, ಚಿಲ್ಲರೆ, ರಸೀದಿ ಇವುಗಳಿಗೆಂದು ಗ್ರಾಹಕನಿಗೊಮ್ಮೆ ಒಂದೂವರೆ ನಿಮಿಷ. ಒಂದು ಲಕೋಟೆಯ ಗ್ರಾಹಕನ ವಿಷಯದಲ್ಲಿ ಲಕೋಟೆಯನ್ನು ಅನುಸರಿಸಿ ಬದಲಾಗುವ ಪಾಲು ಶೇ. 50, ಮೂರು ತಂದವನ ವಿಷಯದಲ್ಲಿ ಶೇ. 75. ಅಂಚೆ ಪ್ರಮಾಣ ಹೆಚ್ಚಾದರೆ ಖರ್ಚು ಎಷ್ಟು ಹೆಚ್ಚುತ್ತದೆ ಎಂಬುದು, ಆ ಹೆಚ್ಚಳ ಹೊಸ ಗ್ರಾಹಕರಿಂದ ಬಂತೇ ಅಥವಾ ಇರುವ ಗ್ರಾಹಕರೇ ಇನ್ನೊಂದು ಲಕೋಟೆ ಸೇರಿಸಿದರೇ ಎಂಬುದನ್ನು ಅವಲಂಬಿಸಿದೆ. ಈ ಸಂಬಂಧವನ್ನು ಸಾವಿರಾರು ವ್ಯವಹಾರಗಳಿಂದ ರಿಗ್ರೆಷನ್ (ಒಂದು ಅಂಕಿ ಬದಲಾದಂತೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಅಂದಾಜಿಸುವ ಸಂಖ್ಯಾಶಾಸ್ತ್ರದ ವಿಧಾನ) ಮೂಲಕ ಹೊರತೆಗೆಯುವುದೇ ಆ ಸಮಯ ಅಧ್ಯಯನದ ಹೂರಣ. 2006ರ ಅಂಚೆ ದರ ಪರಿಷ್ಕರಣೆಯ ಪ್ರಕರಣಕ್ಕೆಂದು ಅಂತಹ ಒಂದು ಅಧ್ಯಯನ ಸಲ್ಲಿಕೆಯಾಗಿತ್ತು. ಅಂದಿನಿಂದ ಇಂದಿಗೆ ಅಂಚೆಚೀಟಿ ಕೊಳ್ಳಲು ಬರುವವರು ಕಡಿಮೆಯಾಗಿದ್ದಾರೆ, ಮನೆಯಲ್ಲೇ ಹಣ ಕಟ್ಟಿ ಲೇಬಲ್ ಅಂಟಿಸಿದ ಪಾರ್ಸೆಲನ್ನು ತಂದು ಕೊಟ್ಟು ಹೋಗುವವರು ಹೆಚ್ಚಿದ್ದಾರೆ, ನಗದಿನ ಜಾಗಕ್ಕೆ ಕಾರ್ಡ್ ಬಂದಿದೆ. ಹಳೆಯ ನಿಮಿಷಗಳನ್ನು ಹಿಡಿದು ಇಂದಿನ ವೆಚ್ಚ ಹೇಳಿದರೆ ಪ್ರತಿಸ್ಪರ್ಧಿಗಳು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಗಣಕದ ವೇಳೆಯ ಬಗ್ಗೆ ನನ್ನ ಅಭಿಪ್ರಾಯ: ಅದನ್ನು ಬಳಸಲೇಬೇಕು, ಆದರೆ ಅದು ಗುಮಾಸ್ತ ಮೊದಲ ಕೀಲಿ ಒತ್ತಿದ ಕ್ಷಣದಿಂದ ರಸೀದಿ ಮುದ್ರಣವಾಗುವವರೆಗಿನ ವೇಳೆ ಮಾತ್ರ. ಅದರ ಹಿಂದೆ ಮುಂದೆ ಏನಾಗುತ್ತದೆ ಎಂಬುದನ್ನು ಕೌಂಟರಿನ ಒಳಗೆ ಕುಳಿತವರು ಹೇಳಿದರೇ ಚೆನ್ನ.

ಉತ್ತರ: ಹಳೆಯ ಮೊಹರು, ಕೊಪ್ಪಳ ಜಿಲ್ಲೆ

ತಂಗೀ, ನಾನು ಅಂಚೆ ಸಹಾಯಕನಾಗಿ ಸೇರಿ ಉಪ ಅಂಚೆ ಪಾಲಕನಾಗಿ ನಿವೃತ್ತನಾದವನು. ಲೆಕ್ಕದ ಮನೆಯವರು ಬಿಟ್ಟುಕೊಟ್ಟ ಜಾಗದಿಂದ ಮುಂದುವರಿಸುತ್ತೇನೆ.

ಗಣಕಕ್ಕೆ ಕಾಣದ ಕೆಲಸ ಎಷ್ಟಿದೆ ಎಂಬುದನ್ನು ತಿಳಿಯಬೇಕಾದರೆ ಒಂದು ಸ್ಪೀಡ್ ಪೋಸ್ಟ್ ಬುಕಿಂಗನ್ನು ಹತ್ತಿರದಿಂದ ನೋಡಿ. ಹಳ್ಳಿಯಿಂದ ಬಂದ ಹುಡುಗ ನೌಕರಿಯ ಅರ್ಜಿ ಇರುವ ಲಕೋಟೆಯನ್ನು ಕೊಡುತ್ತಾನೆ. ಪಿನ್‌ಕೋಡ್ ಬರೆದಿರುವುದಿಲ್ಲ, ಬರೆದಿದ್ದರೆ ಒಂದು ಅಂಕಿ ಕಡಿಮೆ ಇರುತ್ತದೆ. ಕಳುಹಿಸುವವರ ವಿಳಾಸ ಇರುವುದಿಲ್ಲ, ಬರೆದುಕೊಂಡು ಬಾ ಎಂದರೆ ಪೆನ್ನು ಕೇಳುತ್ತಾನೆ. ಲಕೋಟೆಯ ಬಾಯಿಗೆ ಅಂಟು ಹಿಡಿದಿರುವುದಿಲ್ಲ. ಇದೆಲ್ಲ ಮುಗಿದು ತೂಕದ ಯಂತ್ರದ ಮೇಲೆ ಇಟ್ಟು, ಬಾರ್‌ಕೋಡ್ ಚೀಟಿ ಅಂಟಿಸಿ ಸ್ಕ್ಯಾನ್ ಮಾಡಿದಾಗಲೇ ಗಣಕದ ಪ್ರಕಾರ ವ್ಯವಹಾರ ಆರಂಭವಾಗುವುದು. ಮುಂದೆ ಹುಡುಗ ಯು.ಪಿ.ಐ.ಯಲ್ಲಿ ಹಣ ಕಟ್ಟುತ್ತೇನೆ ಎನ್ನುತ್ತಾನೆ, ಕ್ಯೂಆರ್ ತೋರಿಸುತ್ತೇವೆ, ಅವನ ಮೊಬೈಲಿನಲ್ಲಿ ಸಿಗ್ನಲ್ ಇಲ್ಲದೆ ಹೊರಗೆ ಕಟ್ಟೆಯವರೆಗೆ ಹೋಗಿ ಬರುತ್ತಾನೆ. ಅಷ್ಟು ಹೊತ್ತೂ ಗಣಕವು ವ್ಯವಹಾರ ನಡೆಯುತ್ತಿದೆ ಎಂದೇ ಭಾವಿಸುತ್ತದೆ, ಆದರೆ ನಾನು ಆ ಹೊತ್ತಿನಲ್ಲಿ ಪಕ್ಕದವರ ಪಾಸ್‌ಬುಕ್ ನೋಡಿ ಕೊಟ್ಟಿರುತ್ತೇನೆ. ಹೀಗೆ ಗಣಕವು ಒಂದು ಕಡೆ ಕಡಿಮೆ ಹೇಳುತ್ತದೆ, ಇನ್ನೊಂದು ಕಡೆ ಹೆಚ್ಚು ಹೇಳುತ್ತದೆ. ಎರಡೂ ಸರಿದೂಗಿ ಹೋಗುತ್ತವೆ ಎಂದು ನಂಬಲು ಯಾವ ಆಧಾರವೂ ಇಲ್ಲ.

ಇನ್ನೊಂದು ಬಗೆಯ ಕೆಲಸವಂತೂ ವಹಿವಾಟಿನ ಎಣಿಕೆಗೇ ಬರುವುದಿಲ್ಲ. ಆಧಾರ್ ಆಧಾರಿತ ಪಾವತಿಯಲ್ಲಿ ಪಿಂಚಣಿ ತೆಗೆಯಲು ಬರುವ ಮುದುಕಿಯರ ಬೆರಳ ರೇಖೆ ಸವೆದು ಹೋಗಿರುತ್ತದೆ. ಹತ್ತಿ ಬಿಡಿಸಿ, ಭತ್ತದ ಸಸಿ ನಾಟಿ ಮಾಡಿ ಸವೆದ ಕೈಗಳು. ಬಲಗೈ ಹೆಬ್ಬೆರಳು ಆಗಲಿಲ್ಲ, ಒರೆಸಿ ಇಟ್ಟರೂ ಆಗಲಿಲ್ಲ, ಎಡಗೈ ಆಗಲಿಲ್ಲ, ಕೊನೆಗೆ 'ನಾಳಿ ಬಾರಬೇ' ಎಂದು ಕಳುಹಿಸುತ್ತೇವೆ. ಹತ್ತು ನಿಮಿಷ ಕಳೆಯಿತು, ವ್ಯವಹಾರ ಮಾತ್ರ ಶೂನ್ಯ. ಯಶಸ್ವಿ ವ್ಯವಹಾರಗಳ ಪಟ್ಟಿಯನ್ನೇ ಹಿಡಿದು ಸರಾಸರಿ ತೆಗೆದರೆ ಈ ಹತ್ತು ನಿಮಿಷ ಎಲ್ಲಿ ಹೋಗುತ್ತದೆ? ವಿಫಲವಾದ ಪ್ರಯತ್ನಗಳ ದಾಖಲೆಯೂ ವ್ಯವಸ್ಥೆಯಲ್ಲಿ ಎಲ್ಲಾದರೂ ಉಳಿದಿರುತ್ತದೆಯೇ ಎಂದು ವಿಚಾರಿಸಿ, ಉಳಿದಿದ್ದರೆ ಅದನ್ನೂ ಕೇಳಿ ಪಡೆಯಿರಿ.

ಇದಕ್ಕೆ ವಿರುದ್ಧವಾದದ್ದು ಆರ್.ಡಿ. ಏಜೆಂಟರದು. ಒಬ್ಬ ಅಕ್ಕ ತನ್ನ ಓಣಿಯವರೆಲ್ಲರ ಕಂತನ್ನು ಒಂದೇ ಪಟ್ಟಿ ಮಾಡಿ ತರುತ್ತಾಳೆ. ಗ್ರಾಹಕರು ಒಬ್ಬರು, ಖಾತೆಗಳು ಹತ್ತಾರು, ಪಟ್ಟಿ ಮೊದಲೇ ಆನ್‌ಲೈನಿನಲ್ಲಿ ಸಿದ್ಧವಾಗಿರುವುದರಿಂದ ನಮಗೆ ನೋಟು ಎಣಿಸುವ ಕೆಲಸವೇ ಹೆಚ್ಚು. ಈ ವ್ಯವಹಾರವನ್ನು ಸಾಮಾನ್ಯ ಖಾತೆದಾರರ ಜೊತೆ ಒಂದೇ ಗುಂಪಿಗೆ ಹಾಕಿದರೆ ಒಂದು ಆರ್.ಡಿ. ಕಂತಿಗೆ ಕೆಲವೇ ಸೆಕೆಂಡು ಸಾಕು ಎಂಬ ವಿಚಿತ್ರ ಅಂಕಿ ಬರುತ್ತದೆ. ಬೇರೆಯಾಗಿಯೇ ಇಡಿ.

ಮತ್ತೊಂದು ಮಾತು. ಈಚೆಗೆ ನಮ್ಮಲ್ಲಿ ಎಲ್ಲವೂ ಒಟ್ಟಿಗೆ ಬದಲಾಗಿದೆ. ಹೊಸ ಎ.ಪಿ.ಟಿ. (ಅಡ್ವಾನ್ಸ್ಡ್ ಪೋಸ್ಟಲ್ ಟೆಕ್ನಾಲಜಿ) ತಂತ್ರಾಂಶವನ್ನು ಮೊದಲು ಪ್ರಾಯೋಗಿಕವಾಗಿ ತಂದದ್ದು ಕರ್ನಾಟಕ ವೃತ್ತದಲ್ಲೇ, 2025ರ ಮೇ–ಜೂನ್ ತಿಂಗಳಲ್ಲಿ. ಆಗಸ್ಟ್ 4ರ ಹೊತ್ತಿಗೆ ದೇಶಕ್ಕೆಲ್ಲ ಬಂತು. ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು. ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ದರ ಪರಿಷ್ಕಾರವಾಗಿ, ನೋಂದಣಿ ಬೇಕೇ, ಒ.ಟಿ.ಪಿ. ಬಟವಾಡೆ ಬೇಕೇ ಎಂದು ಪ್ರತಿ ಗ್ರಾಹಕರನ್ನು ಕೇಳುವ ಎರಡು ಪ್ರಶ್ನೆಗಳು ಸೇರಿಕೊಂಡವು. ಈ ದಿನಾಂಕಗಳ ಆಚೆ–ಈಚೆಗಿನ ವೇಳೆಯನ್ನು ಒಟ್ಟು ಕಲಸಿದರೆ ನೀವು ಅಳೆದದ್ದು ಸೇವೆಯನ್ನಲ್ಲ, ಬದಲಾವಣೆಯ ಗೊಂದಲವನ್ನು.

ಉತ್ತರ: ಜೀನ್ಸ್ ಗಲ್ಲಿ, ಬಳ್ಳಾರಿ

ನಾನು ಅಂಚೆಯ ಮೂಲಕ ಸಿದ್ಧ ಉಡುಪಿನ ಪಾರ್ಸೆಲ್ ಕಳುಹಿಸುವ ಸಣ್ಣ ವ್ಯಾಪಾರಿ. ಈ ಚರ್ಚೆಯನ್ನು ಓದಿ ಒಂದು ಅನುಮಾನ ಹುಟ್ಟಿತು. ಒಂದೊಂದು ಸೇವೆಯ ವೆಚ್ಚವನ್ನು ಹೀಗೆ ನಿಖರವಾಗಿ ಬಿಡಿಸಿಟ್ಟರೆ, ನಾಳೆ ಯಾರಾದರೂ ಅದೇ ಕಾಗದವನ್ನು ತೋರಿಸಿ, 50 ಪೈಸೆಯ ಪೋಸ್ಟ್ ಕಾರ್ಡಿನಿಂದ ನಷ್ಟ, ಹಳ್ಳಿಯ ಶಾಖಾ ಕಚೇರಿಯಿಂದ ನಷ್ಟ ಎಂದು ಬಾಗಿಲು ಹಾಕಿಸುವುದಿಲ್ಲವೇ? ದೇಶದ ಸುಮಾರು 1.64 ಲಕ್ಷ ಅಂಚೆ ಕಚೇರಿಗಳಲ್ಲಿ ಶೇ. 90ರಷ್ಟು ಇರುವುದು ಹಳ್ಳಿಗಳಲ್ಲಿ. ಅಳೆಯದೆ ಬಿಟ್ಟರೇ ಒಳ್ಳೆಯದೇನೋ.

ಉತ್ತರ: ಲೆಕ್ಕದ ಮನೆ, ಬಳ್ಳಾರಿ

ನಿಮ್ಮ ಅನುಮಾನ ಸಹಜವೇ, ಆದರೆ ನಾನು ನೋಡುವುದು ತಿರುಗುಮುರುಗಾಗಿ. ಬಾಗಿಲು ಹಾಕಿಸುವ ವಾದಕ್ಕೆ ಬಲ ಕೊಡುವುದು ಪೂರ್ತಿ ಹಂಚಿಕೆಯ ಲೆಕ್ಕವೇ. ಕಟ್ಟಡದ ಬಾಡಿಗೆ, ಬಾಗಿಲು ತೆರೆದಿಡುವ ಸಂಬಳ, ಮೇಲಿನ ಕಚೇರಿಯ ಖರ್ಚು ಎಲ್ಲವನ್ನೂ ಪೋಸ್ಟ್ ಕಾರ್ಡಿನ ತಲೆಗೆ ಕಟ್ಟಿದರೆ ಒಂದು ಕಾರ್ಡಿಗೆ ಹಲವು ರೂಪಾಯಿ ವೆಚ್ಚ ಎಂದು ಕಾಣಿಸುತ್ತದೆ. ಓದಿದವರು, ಕಾರ್ಡ್ ನಿಲ್ಲಿಸಿದರೆ ಅಷ್ಟೂ ಹಣ ಉಳಿಯುತ್ತದೆ ಎಂದುಕೊಳ್ಳುತ್ತಾರೆ. ಉಳಿಯುವುದಿಲ್ಲ. ಕಾರ್ಡು ಹೋದರೂ ಬಾಡಿಗೆ, ಸಂಬಳ ಇದ್ದೇ ಇರುತ್ತವೆ, ಉಳಿದ ಸೇವೆಗಳ ಮೇಲೆ ಕುಳಿತುಕೊಳ್ಳುತ್ತವೆ. ವ್ಯವಹಾರದೊಂದಿಗೆ ಬದಲಾಗುವ ಪಾಲು ಚಿಕ್ಕದು, ದೊಡ್ಡ ಪಾಲು ಎಲ್ಲರಿಗೂ ಸೇವೆ ಒದಗಿಸುವ ಹೊಣೆಯಿಂದ ಬಂದದ್ದು ಎಂದು ಪ್ರತ್ಯೇಕವಾಗಿ ತೋರಿಸಿದಾಗ ಮಾತ್ರ, ಆ ಹೊಣೆಯ ಖರ್ಚನ್ನು ಯಾರು ಭರಿಸಬೇಕು ಎಂಬ ಸರಿಯಾದ ಪ್ರಶ್ನೆ ಮೇಜಿನ ಮೇಲೆ ಬರುತ್ತದೆ.

ಹಳ್ಳಿಯ ಶಾಖಾ ಕಚೇರಿಯಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಗ್ರಾಮೀಣ ಡಾಕ್ ಸೇವಕರ ಭತ್ಯೆ 2018ರ ಜುಲೈಯಿಂದ ದಿನಕ್ಕೆ ನಾಲ್ಕು ಗಂಟೆ, ಐದು ಗಂಟೆ ಎಂಬ ಎರಡೇ ಮೆಟ್ಟಿಲುಗಳಲ್ಲಿದೆ. ಆ ಸಮಯದಲ್ಲಿ ನಾಲ್ಕು ಕಾರ್ಡು ಬಂದರೂ ನಲವತ್ತು ಬಂದರೂ ಮೂಲ ಭತ್ಯೆ ಬದಲಾಗುವುದಿಲ್ಲ. ಕೆಲಸ ಮೆಟ್ಟಿಲು ದಾಟಿದಾಗ ಮಾತ್ರ ಖರ್ಚು ಒಮ್ಮೆಲೇ ಏರುತ್ತದೆ. ಅಮೆರಿಕದ ಸೂತ್ರವು ಖರ್ಚು ನಯವಾಗಿ ಏರುತ್ತದೆ ಎಂದು ಊಹಿಸಿಕೊಳ್ಳುವುದರಿಂದ, ಅದನ್ನು ಶಾಖಾ ಕಚೇರಿಗೆ ಇದ್ದ ಹಾಗೆ ಅನ್ವಯಿಸಬಾರದು.

ಕೃಷ್ಣಾತೀರ ಅವರ ಮೂರನೆಯ ಪ್ರಶ್ನೆಗೂ ಇಲ್ಲೇ ಉತ್ತರಿಸಿಬಿಡುತ್ತೇನೆ. ಉಪ ಅಂಚೆ ಕಚೇರಿಗೆ ಈ ಕ್ರಮ ಹೊಂದುತ್ತದೆ, ಆದರೆ ಉಳಿತಾಯ ಬ್ಯಾಂಕಿನ ಕೆಲಸವನ್ನು ಅಂಚೆಯ ಕೆಲಸದಿಂದ ಮೊದಲೇ ಬೇರ್ಪಡಿಸಬೇಕು. ಉಳಿತಾಯ ಖಾತೆ, ಸುಕನ್ಯಾ ಸಮೃದ್ಧಿ ಮುಂತಾದವನ್ನು ಇಲಾಖೆಯು ಹಣಕಾಸು ಸಚಿವಾಲಯದ ಪರವಾಗಿ ನಡೆಸಿ, ಅದಕ್ಕೆ ಸಂಭಾವನೆ ಪಡೆಯುತ್ತದೆ. ಆ ಸಂಭಾವನೆ ಸಾಕೇ ಎಂಬುದು ಕೌಂಟರಿನ ನಿಮಿಷಗಳ ಮೇಲೆ ನಿಂತಿರುವ ನಿಜವಾದ ಹಣದ ಪ್ರಶ್ನೆ. ನಿಮ್ಮ ಪ್ರಬಂಧದಲ್ಲಿ ಇದಕ್ಕೊಂದು ಅಧ್ಯಾಯ ಮೀಸಲಿಟ್ಟರೆ ಅದೇ ಅತ್ಯಂತ ಉಪಯುಕ್ತ ಭಾಗವಾದೀತು.

ಪ್ರತಿಕ್ರಿಯೆ: ಕೃಷ್ಣಾತೀರ, ರಾಯಚೂರು

ಎಲ್ಲರಿಗೂ ಧನ್ಯವಾದಗಳು. ಎರಡು ವಿಷಯ ಇನ್ನೂ ಬಗೆಹರಿಯಲಿಲ್ಲ. ಮಧ್ಯಾಹ್ನದ ಹೊತ್ತಿನಲ್ಲಿ ಕೌಂಟರಿಗೆ ಯಾರೂ ಬಾರದೆ ಖಾಲಿ ಉಳಿಯುವ ಸಮಯವನ್ನು ಯಾವ ಸೇವೆಗೆ ಸೇರಿಸಬೇಕು? ಹಾಗೆಯೇ, ಐ.ಒ.ಸಿ.ಎಸ್. ಮಾದರಿಯ ಸಮೀಕ್ಷೆಯನ್ನು ನಾನೇ ಒಂದೆರಡು ಕಚೇರಿಗಳಲ್ಲಿ ಮಾಡಿದರೆ ಅದು ನಂಬಲರ್ಹವಾಗಿರುತ್ತದೆಯೇ?

ಉತ್ತರ: ಸರಾಸರಿ, ರಾಯಚೂರು

ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ, ಆದ್ದರಿಂದ ಎರಡನೆಯ ಪ್ರಶ್ನೆ ನನ್ನದು. ಆ ಸಮೀಕ್ಷೆಯಲ್ಲಿ ಯಾರ ಕೆಲಸವನ್ನೂ ದಿನವಿಡೀ ಅಳೆಯುವುದಿಲ್ಲ. ಯಾದೃಚ್ಛಿಕವಾಗಿ ಆರಿಸಿದ ನೌಕರರು ಯಾದೃಚ್ಛಿಕವಾಗಿ ಆರಿಸಿದ ಒಂದು ಕ್ಷಣದಲ್ಲಿ ಏನು ಮಾಡುತ್ತಿದ್ದಾರೆ ಎಂದು ಬರೆದುಕೊಳ್ಳುತ್ತಾರೆ, ಅಷ್ಟೇ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುವ ವಿಧಾನವೇ ಇದು, ಆದರೆ ಅಗುಳನ್ನು ನಾವು ಆರಿಸುವಂತಿಲ್ಲ.

ನೀವು ಇಂತಹ 400 ಕ್ಷಣಗಳನ್ನು ದಾಖಲಿಸಿದಿರಿ, ಅವುಗಳಲ್ಲಿ 80ರಲ್ಲಿ ಸ್ಪೀಡ್ ಪೋಸ್ಟ್ ಕೆಲಸ ನಡೆಯುತ್ತಿತ್ತು ಎನ್ನೋಣ. ಪಾಲು ಶೇ. 20, ಪ್ರಮಾಣ ದೋಷ (ಮಾದರಿಯಿಂದ ತೆಗೆದ ಅಂದಾಜು ಸಾಮಾನ್ಯವಾಗಿ ಎಷ್ಟು ಆಚೀಚೆ ಆಗಬಹುದು ಎಂಬ ಅಳತೆ) 2 ಶೇಕಡಾ ಅಂಶ; ಅಂದರೆ ನಿಜವಾದ ಪಾಲು ಶೇ. 16 ಮತ್ತು 24ರ ನಡುವೆ ಇದೆ ಎಂದು ಬಹುಮಟ್ಟಿಗೆ ಹೇಳಬಹುದು. ಇದು ಪರವಾಗಿಲ್ಲ. ಆದರೆ 8 ಕ್ಷಣಗಳಲ್ಲಿ ಮಾತ್ರ ಕಂಡ ವಿದೇಶಿ ಪಾರ್ಸೆಲಿನ ಪಾಲು ಶೇ. 2, ಅದರ ಪ್ರಮಾಣ ದೋಷ 0.7 ಶೇಕಡಾ ಅಂಶ. ಅಳತೆಯ ಮೂರನೆಯ ಒಂದು ಭಾಗದಷ್ಟು ದೋಷವೇ ಇದ್ದರೆ ಆ ಅಂಕಿಯ ಮೇಲೆ ದರ ಕಟ್ಟಲಾಗದು. ಅಪರೂಪದ ಸೇವೆಗಳಿಗೆ ಮಾದರಿ ಸಮೀಕ್ಷೆಗಿಂತ ಗಣಕದ ದಾಖಲೆ ಮೇಲು ಎನ್ನುವುದಕ್ಕೆ ಇದೇ ಕಾರಣ, ಏಕೆಂದರೆ ಅಲ್ಲಿ ಎಲ್ಲ ವ್ಯವಹಾರಗಳೂ ಇರುತ್ತವೆ, ಅವು ಎಷ್ಟೇ ಕಡಿಮೆಯಿರಲಿ. ಹಾಗಾಗಿ ಗಣಕದಿಂದ ವ್ಯವಹಾರಗಳ ಸಂಖ್ಯೆ ಮತ್ತು ಅವುಗಳ ಒಳಗಿನ ವೇಳೆಯನ್ನು ಪಡೆಯಿರಿ. ಹಿಂದು–ಮುಂದಿನ ವೇಳೆಯನ್ನು ಮಾತ್ರ ಎದುರಿಗೆ ನಿಂತು ಅಳೆಯಿರಿ. ಎರಡನ್ನೂ ಕೂಡಿಸುವುದೇ ಸರಿಯಾದ ದಾರಿ. ಒಂದೇ ಕಚೇರಿಯಲ್ಲಿ, ಒಬ್ಬರೇ ಸಹಾಯಕರಿಂದ ಪಡೆದ 400 ಕ್ಷಣಗಳು 400 ಸ್ವತಂತ್ರ ಮಾಹಿತಿಗಳಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಕಚೇರಿಗಳು ಹೆಚ್ಚಿರಲಿ, ಒಂದೊಂದರಲ್ಲಿ ಕ್ಷಣಗಳು ಕಡಿಮೆಯಿದ್ದರೂ ನಡೆದೀತು.

ಖಾಲಿ ಸಮಯದ ಬಗ್ಗೆ 2004ರಲ್ಲಿ ಕಪ್ಲಾನ್ ಮತ್ತು ಆಂಡರ್ಸನ್ ಮಂಡಿಸಿದ ಸಮಯಾಧಾರಿತ ವೆಚ್ಚ ಪದ್ಧತಿಯನ್ನು ಓದಿ. ಒಂದು ನಿಮಿಷದ ಸಾಮರ್ಥ್ಯಕ್ಕೆ ಎಷ್ಟು ಖರ್ಚು, ಒಂದು ಕೆಲಸಕ್ಕೆ ಎಷ್ಟು ನಿಮಿಷ ಎಂಬ ಎರಡೇ ಅಂಕಿಗಳಿಂದ ಲೆಕ್ಕ ಹಾಕಿ, ಬಳಕೆಯಾಗದ ಸಾಮರ್ಥ್ಯವನ್ನು ಯಾವ ಸೇವೆಯ ಮೇಲೂ ಹೇರದೆ ಬೇರೆ ಸಾಲಿನಲ್ಲಿ ತೋರಿಸಬೇಕು ಎನ್ನುತ್ತದೆ ಅದು.

ಉತ್ತರ: ಹಳೆಯ ಮೊಹರು, ಕೊಪ್ಪಳ ಜಿಲ್ಲೆ

ಖಾಲಿ ಎಂದು ಹೊರಗಿನವರಿಗೆ ಕಾಣುವುದೆಲ್ಲ ಖಾಲಿಯಲ್ಲ. ಆ ಹೊತ್ತಿನಲ್ಲಿ ಶಾಖಾ ಕಚೇರಿಗಳ ಲೆಕ್ಕ ನೋಡುತ್ತೇವೆ, ಚೀಲ ಕಟ್ಟಿಸುತ್ತೇವೆ, ಖಾತೆ ತೆರೆಯುವ ಅರ್ಜಿಗಳನ್ನು ಸ್ಕ್ಯಾನ್ ಮಾಡುತ್ತೇವೆ. ಆದ್ದರಿಂದ ನಿಮ್ಮ ನಮೂನೆಯಲ್ಲಿ 'ಗ್ರಾಹಕರಿಲ್ಲ, ಬೇರೆ ಕೆಲಸ' ಎಂಬ ಅಂಕಣವನ್ನು 'ಗ್ರಾಹಕರಿಲ್ಲ, ಕೆಲಸವಿಲ್ಲ' ಎಂಬುದರಿಂದ ಬೇರೆ ಮಾಡಿ. ಸರ್ವರ್ ನಿಂತು ಕುಳಿತ ಸಮಯಕ್ಕೂ ಒಂದು ಅಂಕಣ ಇರಲಿ. ಅದು ಗ್ರಾಹಕರು ಇದ್ದೂ ಕೆಲಸ ನಡೆಯದ ಹೊತ್ತು.

ಅಳತೆಗೆ ದಿನಗಳನ್ನು ಆರಿಸುವಾಗ ತಿಂಗಳ ಮಧ್ಯಭಾಗವನ್ನು ಮಾತ್ರ ಹಿಡಿಯಬೇಡಿ. ಪಿಂಚಣಿ ಜಮಾ ಆದ ದಿನ, ಆರ್.ಡಿ. ಏಜೆಂಟರು ಮುಗಿಬೀಳುವ 15ನೆಯ ತಾರೀಖು ಮತ್ತು ತಿಂಗಳ ಕೊನೆ, ಸಂತೆಯ ದಿನ, ಇವೆಲ್ಲ ಸೇರಿರಬೇಕು. ಅನುಮತಿಗೆ ವಿಭಾಗದ ಅಂಚೆ ಅಧೀಕ್ಷಕರಿಗೆ ಕಾಲೇಜಿನ ಪತ್ರದೊಂದಿಗೆ ಮನವಿ ಸಲ್ಲಿಸಿ, ಗ್ರಾಹಕರ ಹೆಸರು, ಖಾತೆ ಸಂಖ್ಯೆ ಯಾವುದನ್ನೂ ಬರೆದುಕೊಳ್ಳುವುದಿಲ್ಲ ಎಂದು ಅದರಲ್ಲೇ ಸ್ಪಷ್ಟಪಡಿಸಿ. ನೌಕರರ ಹೆಸರನ್ನೂ ಬರೆಯುವುದಿಲ್ಲ ಎಂದು ಸೇರಿಸಿದರೆ ಒಳಗಿನವರು ನಿಮ್ಮೊಂದಿಗೆ ಮುಕ್ತವಾಗಿ ಮಾತನಾಡುತ್ತಾರೆ; ಇಲ್ಲದಿದ್ದರೆ ನೀವು ಗಡಿಯಾರ ಹಿಡಿದು ನಿಂತಷ್ಟು ಹೊತ್ತು ಎಲ್ಲರೂ ಎಂದಿಗಿಂತ ಚುರುಕಾಗಿರುತ್ತಾರೆ. ಮೊದಲೆರಡು ದಿನದ ಅಳತೆಯನ್ನು ಅದಕ್ಕಾಗಿಯೇ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.